ಯಪ್ಪಾ, ಎಲ್ಲಿ ಹೋತು ಇದು?

ರಜೆಗೆ ಗದಗಿನ ಪಕ್ಕದ ಬೆಟಗೇರಿಗೆ, ಆಯಿಯ ಅಂದರೆ ಅಜ್ಜಿಯ ಮನೆಗೆ ಹೋದಾಗ ಬೆಳಗಿನ ನಿದ್ದೆ ಎರಡು ಸದ್ದಿಗೆ ಹಾರಿಹೋಗುತ್ತಿತ್ತು. ಒಂದು ರೊಟ್ಟಿ ಬಡಿಯುವ ಸದ್ದು. ಇನ್ನೊಂದು ಆಯಿ ಯಾರ ಜೊತೆಗೋ ಮಾತಾಡುವ ಸದ್ದು. ಓಣಿಯ ಮಗ್ಗಗಳು ಶುರುವಾಗುತ್ತಿದ್ದದ್ದು ಆಮೇಲೆ.

"ಯಪ್ಪಾ, ಜ್ವಾಳ ಮತ್ತ ತುಟ್ಟಿ ಆತು ನೋಡು. ಹಿರೇ ಹುಡುಗನ ಕೆಮ್ಮು ಇನ್ನೂ ಹೋಗವಲ್ದು. ಇವತ್ತ ಒಂದ ದಿನಾ ದಾಟಸು, ನಾಳಿದ್ದು ನಾಳೆ ಹೇಳತೀನಿ."

ನಡುವೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದಳು. ಆಮೇಲೆ "ಹೂಂ, ಆತು" ಅನ್ನುತ್ತಿದ್ದಳು. ಯಾರೋ ಬಂದು ಕೂತಿದ್ದಾರೆ ಅಂದುಕೊಂಡು ಒಂದು ದಿನ ನಾನು ಎದ್ದು ಹೋಗಿ ನೋಡಿದೆ. ಒಲೆಯ ಮುಂದೆ ಆಯಿ ಒಬ್ಬಳೇ ಇದ್ದಳು.

"ಯಾರ ಕೂಡ ಮಾತಾಡಾಕತ್ತೀ ಆಯಿ?"

"ನಮ್ಮಪ್ಪನ ಕೂಡ."

ಆಯಿಯ ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ನಾನು ಹೆದರಿ ಮತ್ತೆ ಕೌದಿಯೊಳಗೆ ಸೇರಿಕೊಂಡೆ.

ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಕಾಲದಿಂದ ಬಂದ ಕುಟುಂಬ. ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅಲ್ಲಿಂದ ಹುಬ್ಬಳ್ಳಿ, ಬೆಟಗೇರಿ ಕಡೆಗೆ ಬಂದರು. ಈಗ ನಾವೆಲ್ಲ ಸಿಎಸ್ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು. ಆಯಿ ಪ್ರತಿ ಭಾನುವಾರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತಿದ್ದಳು. ಆದರೆ ಅಲ್ಲಿ ಯಾರಾದರೂ "ಅಮ್ಮಾ, ನೀವೊಂದು ಪ್ರಾರ್ಥನೆ ಮಾಡ್ರಿ" ಅಂದರೆ ಸೆರಗು ಬಾಯಿಗೆ ಹಿಡಿದು ತಲೆ ಅಲ್ಲಾಡಿಸುತ್ತಿದ್ದಳು. "ನನಗ ಅಲ್ಲಿ ಮಾತಾಡಾಕ ಬರೂದಿಲ್ಲ."

ನನಗೆ ಬರುತ್ತಿತ್ತು. ಹನ್ನೆರಡನೇ ವಯಸ್ಸಿಗೇ ಸಂಡೇ ಸ್ಕೂಲಿನಲ್ಲಿ ಎದ್ದು ನಿಂತು, "ಪರಮ ಕರುಣಾಳುವಾದ ದೇವರೇ, ನಿನ್ನ ಕೃಪಾಸನದ ಸನ್ನಿಧಿಗೆ ದೀನರಾಗಿ ಬರುತ್ತೇವೆ" ಅಂತ ಶುರು ಮಾಡಿದರೆ ಐದು ನಿಮಿಷ ಎಲ್ಲೂ ತಡವರಿಸುತ್ತಿರಲಿಲ್ಲ. ಚರ್ಚಿನ ಪಾದ್ರಿ ಅಯ್ಯನವರು ಬೆನ್ನು ತಟ್ಟಿದರು. ಅಪ್ಪ ಹೆಮ್ಮೆಯಿಂದ ಕೆಮ್ಮಿದರು. ಕೃಪಾಸನ ಅಂದರೆ ಏನು ಅಂತ ಆಗ ಯಾರಾದರೂ ಕೇಳಿದ್ದರೆ ಕುರ್ಚಿಯ ಒಂದು ಜಾತಿ ಅನ್ನುತ್ತಿದ್ದೆನೋ ಏನೋ. ಕೃಪೆ ತೋರುವ ದೇವರ ಸಿಂಹಾಸನ ಅಂತ ತಿಳಿದದ್ದು ಆಮೇಲೆ.

ಈ ಪ್ರಾರ್ಥನೆಯ ಕನ್ನಡ ನಮಗೆ ಎಲ್ಲಿಂದ ಬಂತು ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕೂತು ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಇಡೀ ಗ್ರಂಥ ಅಚ್ಚಾಯಿತು. ಹೊರಗಿನಿಂದ ಬಂದವರು, ಪಂಡಿತರ ಹತ್ತಿರ ಕೂತು ಭಾಷೆ ಕಲಿತವರು. ಹಾಗಾಗಿ ಪುಸ್ತಕದ ಕನ್ನಡವೇ ದೇವರ ಕನ್ನಡವಾಯಿತು ಅಂತ ನನ್ನ ಊಹೆ. ಅದರಲ್ಲಿ ತಪ್ಪೇನಿಲ್ಲ. ಆ ಮಾತುಗಳಿಗೆ ಒಂದು ಗಾಂಭೀರ್ಯ ಇದೆ, ಈಗಲೂ ನನಗೆ ಇಷ್ಟ. ತೊಂದರೆ ಆದದ್ದು ಬೇರೆ ಕಡೆ. ಆ ಕನ್ನಡದಲ್ಲಿ ನನ್ನ ಮನೆಯ ಮಾತು ಯಾವುದನ್ನೂ ಹೇಳಲು ಆಗುತ್ತಿರಲಿಲ್ಲ. ಕೃಪಾಸನದ ಮುಂದೆ ನಿಂತು ಜೋಳದ ರೇಟು ಹೇಗೆ ಹೇಳೋದು?

ದೊಡ್ಡವಳಾದ ಮೇಲೆ ಪ್ರಾರ್ಥನಾ ಕೂಟಗಳಲ್ಲಿ ಇನ್ನೊಂದು ಮಾತು ಕೇಳತೊಡಗಿದೆ. ದೇವರ ಜೊತೆ ವೈಯಕ್ತಿಕ ಸಂಬಂಧ ಇರಬೇಕು, ಅದು ದಿನದಿಂದ ದಿನಕ್ಕೆ ಆಳವಾಗಬೇಕು ಅಂತ. ಕೇಳಲು ಚೆನ್ನಾಗಿತ್ತು. ಆದರೆ ನಮ್ಮ ಕಡೆ ಸಂಬಂಧ ಅಂದರೆ ಮದುವೆಗೆ ನೋಡೋದು, ಇಲ್ಲವೇ ಬೀಗರ ಜೊತೆ ಹುಷಾರಾಗಿ ಮಾತಾಡೋದು. ವೈಯಕ್ತಿಕ ಅನ್ನೋದು ಬ್ಯಾಂಕಿನ ಸಾಲದ ಫಾರ್ಮಿನಲ್ಲಿ ಬರುವ ಪದ. ಎರಡೂ ಸೇರಿ ನನಗೆ ಒಂದು ಅರ್ಜಿಯ ಹಾಗೆ ಕೇಳಿಸುತ್ತಿತ್ತು. ಸತ್ಯವೇದದ ಯೋಹಾನನ ಮೊದಲನೆಯ ಪತ್ರದಲ್ಲಿ ಇದಕ್ಕೇ "ಅನ್ಯೋನ್ಯತೆ" ಅನ್ನುವ ಪದ ಇದೆ. ಗಂಡ ಹೆಂಡತಿ ಅನ್ಯೋನ್ಯವಾಗಿದ್ದಾರೆ ಅನ್ನುತ್ತೇವಲ್ಲ, ಅದೇ. ಆ ಪದವನ್ನು ನಾವು ಯಾಕೆ ಕೈಬಿಟ್ಟೆವೋ ಗೊತ್ತಿಲ್ಲ.

ನಾನು ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಲೆಕ್ಕದವರು ಏನು ಮಾಡುತ್ತಾರೋ ಅದನ್ನೇ ದೇವರ ವಿಷಯದಲ್ಲೂ ಮಾಡಿದೆ. ಒಂದು ಉದ್ದನೆಯ ನೋಟ್‌ಬುಕ್ ತಂದು ಗೆರೆ ಹೊಡೆದೆ. ಎಡಗಡೆ ಬೇಡಿಕೆ, ನಡುವೆ ತಾರೀಖು, ಬಲಗಡೆ ಉತ್ತರ ಸಿಕ್ಕ ದಿನ. ಬಲಗಡೆಯ ಕಾಲಂ ಹೆಚ್ಚಾಗಿ ಖಾಲಿ ಇರುತ್ತಿತ್ತು. ವರ್ಷದ ಕೊನೆಗೆ ಬಾಕಿ ಎಳೆದು ಮುಂದಿನ ಪುಟಕ್ಕೆ ಒಯ್ಯುತ್ತಿದ್ದೆ. ನಗಬೇಡಿ, ನಿಜವಾಗಿಯೂ ಒಯ್ಯುತ್ತಿದ್ದೆ.

ಸತ್ಯವೇದ ಓದುವುದೂ ಹಾಗೇ. ನಮ್ಮ ಸತ್ಯವೇದದಲ್ಲಿ 1,189 ಅಧ್ಯಾಯ. ದಿನಕ್ಕೆ ಮೂರೂಕಾಲು ಓದಿದರೆ ವರ್ಷಕ್ಕೆ ಮುಗಿಯುತ್ತೆ. ಪ್ರತಿ ಜನವರಿ ಒಂದನೇ ತಾರೀಖು ಆದಿಕಾಂಡದಿಂದ ಹೊರಡುತ್ತಿದ್ದೆ. ಫೆಬ್ರವರಿಯಲ್ಲಿ ಯಾಜಕಕಾಂಡಕ್ಕೆ ಬಂದು, ಕುಷ್ಠದ ಕಲೆ ಮತ್ತು ಗೋಡೆಯ ಬೂಷ್ಟಿನ ನಿಯಮಗಳ ನಡುವೆ ಎಲ್ಲೋ ಸಿಕ್ಕಿಬೀಳುತ್ತಿದ್ದೆ. ಆಮೇಲೆ ಫೋನಿನಲ್ಲಿ ಆ್ಯಪ್ ಬಂತು. ಬಿಡದೆ ಎಷ್ಟು ದಿನ ಓದಿದ್ದೀರಿ ಅಂತ ಅದೇ ಎಣಿಸಿ ತೋರಿಸುತ್ತಿತ್ತು. ನನ್ನಂಥವಳಿಗೆ ಇನ್ನೇನು ಬೇಕು? 143 ದಿನ ಆಗಿತ್ತು. ರಾತ್ರಿ ಹನ್ನೊಂದೂ ಐವತ್ತಕ್ಕೆ ನೆನಪಾಗಿ, ಹಾಸಿಗೆಯಲ್ಲಿ ಅರ್ಧ ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಪುಟ ಸರಿಸಿ, ಅಂಕಿ ಒಂದು ಹೆಚ್ಚಾದದ್ದು ನೋಡಿ ಮಲಗಿದ ದಿನಗಳೂ ಅದರಲ್ಲಿ ಸೇರಿವೆ.

ಆಗ ಅವ್ವನಿಗೆ ಹುಷಾರಿಲ್ಲದೆ ಆಸ್ಪತ್ರೆಗೆ ಸೇರಿಸಿದೆವು. ಎರಡು ರಾತ್ರಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕಳೆದೆ. ಮೂರನೇ ದಿನ ಫೋನ್ ತೆಗೆದರೆ ಆ್ಯಪಿನಲ್ಲಿ ಸೊನ್ನೆ. ಕಣ್ಣಲ್ಲಿ ನೀರು ಬಂತು. ಅವ್ವನಿಗಾಗಿ ಅಲ್ಲ, 143ಕ್ಕಾಗಿ. ಅದು ತಿಳಿದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಇಂಥ ಹೊತ್ತಿನಲ್ಲಿ ಜನ ದೇವರನ್ನು ಹತ್ತಿರದಿಂದ ಕಂಡೆವು ಅಂತ ಸಾಕ್ಷಿ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಿಂದು ಬಂದೆ. ಅವ್ವ ಗುಣವಾಗಿ ಮನೆಗೆ ಬಂದಳು. ನೋಟ್‌ಬುಕ್ಕಿನ ಬಲಗಡೆಯ ಕಾಲಮಿನಲ್ಲಿ ತಾರೀಖು ಬರೆಯಲು ಮನಸ್ಸಾಗಲಿಲ್ಲ.

ನಿಜವಾದದ್ದು ಆದದ್ದು ಆಮೇಲೆ, ಒಂದು ಸಾದಾ ಮಂಗಳವಾರ, ಆಫೀಸಿನಲ್ಲಿ. ತಿಂಗಳ ಲೆಕ್ಕ ತಾಳೆ ಆಗುತ್ತಿರಲಿಲ್ಲ. 270 ರೂಪಾಯಿ ವ್ಯತ್ಯಾಸ. ನಮ್ಮ ಕೆಲಸದಲ್ಲಿ ಒಂದು ಹಳೇ ಉಪಾಯ ಇದೆ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷ ಉಳಿಯದಿದ್ದರೆ ಎಲ್ಲೋ ಎರಡು ಅಂಕಿ ಅದಲು ಬದಲಾಗಿರುವ ಸಾಧ್ಯತೆ ಜಾಸ್ತಿ. 270 ಭಾಗವಾಗುತ್ತೆ. ಅಂದರೆ ತಪ್ಪು ನನ್ನದೇ ಕೈಯಿಂದ ಆಗಿದೆ. ಆದರೆ ಎಲ್ಲಿ? ಎರಡು ತಾಸು ಹುಡುಕಿದೆ. ಸಂಜೆಯಾಗುತ್ತಿತ್ತು, ತಲೆ ಸಿಡಿಯುತ್ತಿತ್ತು. ಬಾಯಿಂದ ತಾನಾಗಿ ಬಂತು:

"ಯಪ್ಪಾ, ಎಲ್ಲಿ ಹೋತು ಇದು? ನನಗಂತೂ ಸಾಕಾಗೇತಿ ನೋಡು."

ಪಕ್ಕದ ಟೇಬಲ್ಲಿನವಳು ತಲೆ ಎತ್ತಿದಳು. "ಯಾರ ಕೂಡ ಮಾತಾಡಾಕತ್ತೀರಿ ಅಕ್ಕಾರ?"

"ನಮ್ಮಪ್ಪನ ಕೂಡ" ಅಂದೆ. ನಮ್ಮ ಅಪ್ಪ ತೀರಿಕೊಂಡದ್ದು ಅವಳಿಗೆ ಗೊತ್ತು. ಪಾಪ ಅನ್ನುವ ಹಾಗೆ ನೋಡಿ ಒಂದು ಲೋಟ ಚಹಾ ತಂದುಕೊಟ್ಟಳು.

ಒಂದು ತಾಸಾದ ಮೇಲೆ ಸಿಕ್ಕಿತು. 1,630 ಇದ್ದದ್ದನ್ನು 1,360 ಅಂತ ಬರೆದಿದ್ದೆ. ಇದನ್ನು ಪವಾಡ ಅಂತ ಹೇಳುತ್ತಿಲ್ಲ. ಹುಡುಕುತ್ತಾ ಕೂತರೆ ಹೇಗೂ ಸಿಗುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ತಾಸು. ಅಷ್ಟು ಹೊತ್ತೂ ನಾನು ಒಬ್ಬಳೇ ಇದ್ದೇನೆ ಅನ್ನಿಸಲಿಲ್ಲ. ಎಷ್ಟೋ ವರ್ಷದ ಉದ್ದುದ್ದ ಪ್ರಾರ್ಥನೆಗಳಲ್ಲಿ ಅನ್ನಿಸದೇ ಇದ್ದದ್ದು 270 ರೂಪಾಯಿಗೆ ಅನ್ನಿಸಿತು.

"ಯಪ್ಪಾ" ಅನ್ನೋದು ನಮ್ಮ ಕಡೆ ವಿಚಿತ್ರ ಪದ. ಅಪ್ಪನನ್ನು ಕರೆಯಲೂ ಅದೇ, ಕಾಲಿಗೆ ಕಲ್ಲು ಬಡಿದರೂ ಅದೇ, ಕರೆಂಟ್ ಬಿಲ್ ನೋಡಿದರೂ ಅದೇ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ದೇವರನ್ನು ಕರೆದದ್ದು ಅರಾಮಿಕ್ ಭಾಷೆಯ "ಅಬ್ಬಾ" ಅನ್ನುವ ಪದದಿಂದ, ಯೇಸುವಿನ ಕಥೆಯಾದ ಸುವಾರ್ತೆ ಬರೆದ ಮಾರ್ಕನು ಅದನ್ನು ಹಾಗೇ ಉಳಿಸಿದ್ದಾನೆ. ಕನ್ನಡದಲ್ಲಿ ಅಬ್ಬಾ ಅಂದರೆ ಆಶ್ಚರ್ಯ. ಅದಕ್ಕೇ ಇರಬೇಕು, ನಮ್ಮ ಹಳೆಯ ಅನುವಾದದಲ್ಲಿ "ಅಪ್ಪಾ, ತಂದೆಯೇ" ಅಂತ ಹಾಕಿದ್ದಾರೆ. ಅಬ್ಬಾ ಅಂದರೆ ತೊದಲು ನುಡಿಯ ಮಗು ಕರೆಯುವ ಪದ ಅಂತ ಚರ್ಚಿನ ಎಷ್ಟೋ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಹೇಳುತ್ತಾರೆ. ಜೇಮ್ಸ್ ಬಾರ್ ಅನ್ನುವ ವಿದ್ವಾಂಸರು 1988ರಲ್ಲೇ ಅದು ಸರಿಯಲ್ಲ ಅಂತ ಬರೆದರು. ಬೆಳೆದ ಮಕ್ಕಳೂ ಅಪ್ಪನನ್ನು ಹಾಗೇ ಕರೆಯುತ್ತಿದ್ದರು. ನನಗೆ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಮಗುವಾಗಿ ನಟಿಸುವ ಅಗತ್ಯ ಇಲ್ಲ. ಐವತ್ತರ ಹತ್ತಿರ ಬಂದ, ಸೊಂಟ ನೋಯುವ, ಲೆಕ್ಕ ತಪ್ಪಿದ ಮಗಳಾಗಿಯೂ ಅಪ್ಪಾ ಅನ್ನಬಹುದು.

ಅವತ್ತಿನಿಂದ ಕರ್ತನ ಪ್ರಾರ್ಥನೆಯ, ಅಂದರೆ ಯೇಸು ಕಲಿಸಿಕೊಟ್ಟ ಪ್ರಾರ್ಥನೆಯ, ಒಂದು ಸಾಲು ಬೇರೆ ಥರ ಕೇಳಿಸತೊಡಗಿತು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು." ಇಲ್ಲಿ ಅನುದಿನದ ಅಂತ ಅನುವಾದವಾದ ಗ್ರೀಕ್ ಪದ ಎಪಿಊಸಿಯೋಸ್. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಈ ಪ್ರಾರ್ಥನೆಯಲ್ಲಿ ಮಾತ್ರ, ಮತ್ತಾಯನ ಸುವಾರ್ತೆಯಲ್ಲಿ ಒಮ್ಮೆ, ಲೂಕನದರಲ್ಲಿ ಒಮ್ಮೆ. ಅದರ ಅರ್ಥ ಇವತ್ತಿಗೆ ಬೇಕಾದದ್ದು ಅಂತಲೋ, ಬರುವ ದಿನಕ್ಕೆ ಬೇಕಾದದ್ದು ಅಂತಲೋ, ಬದುಕಲು ಬೇಕಾದದ್ದು ಅಂತಲೋ ಇನ್ನೂ ಚರ್ಚೆ ಮುಗಿದಿಲ್ಲ. ಲ್ಯಾಟಿನ್‌ಗೆ ತಂದ ಜೆರೋಮ್ ಅಂತೂ ಒಂದೇ ಪದಕ್ಕೆ ಮತ್ತಾಯನಲ್ಲಿ ಒಂದು ಥರ, ಲೂಕನಲ್ಲಿ ಇನ್ನೊಂದು ಥರ ಬರೆದುಬಿಟ್ಟರು. ಇಷ್ಟು ವಿದ್ವಾಂಸರಿಗೆ ಬಗೆಹರಿಯದ ಪದವನ್ನು ಆಯಿ ರೊಟ್ಟಿ ಬಡಿಯುತ್ತಾ ಬಗೆಹರಿಸಿದ್ದಳು. ಇವತ್ತ ಒಂದ ದಿನಾ ದಾಟಸು.

ಮನ್ನದ ಕಥೆಯೂ ಇದೇ ಅಲ್ವಾ? ಅರಣ್ಯದಲ್ಲಿ ಇಸ್ರಾಯೇಲರಿಗೆ ದಿನಾ ಬೆಳಿಗ್ಗೆ ಮನ್ನ ಅನ್ನುವ ಆಹಾರ ಆಕಾಶದಿಂದ ಬೀಳುತ್ತಿತ್ತು. ತಲೆಗೆ ಒಂದು ಓಮೆರ್ ಅಳತೆ. ಜಾಸ್ತಿ ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆ ಇರಲಿ ಅಂತ ಇಟ್ಟವರದ್ದು ಹುಳ ಬಿದ್ದು ನಾತ ಹೊಡೆಯಿತು. ನಾನು ಕಾಲಂ ಹಾಕಿ ಕೂಡಿಸಿಟ್ಟದ್ದು ಅದನ್ನೇ. ನಿನ್ನೆಯ ಭಕ್ತಿಯನ್ನು ಇವತ್ತಿಗೆ ಎಳೆದು ತರಲು ಆಗೋದಿಲ್ಲ. 143 ದಿನದ್ದನ್ನಂತೂ ಅಲ್ಲವೇ ಅಲ್ಲ.

ಆದರೆ ಈ ಕಥೆಯ ಇನ್ನೊಂದು ಭಾಗ ಸಾಮಾನ್ಯವಾಗಿ ಯಾರೂ ಪ್ರಸಂಗದಲ್ಲಿ ಎತ್ತುವುದಿಲ್ಲ. ಸತ್ಯವೇದದ ಅರಣ್ಯಕಾಂಡ 11ನೇ ಅಧ್ಯಾಯದಲ್ಲಿ ಜನಕ್ಕೆ ಮನ್ನ ಬೇಜಾರಾಗುತ್ತೆ. ಐಗುಪ್ತದ, ಅಂದರೆ ಈಜಿಪ್ಟಿನ, ಸೌತೆಕಾಯಿ, ಕರ್ಬೂಜ, ಉಳ್ಳಾಗಡ್ಡಿ, ಬೆಳ್ಳುಳ್ಳಿ ನೆನಪು ಮಾಡಿಕೊಂಡು ಅಳುತ್ತಾರೆ. ಗದಗ ಸೀಮೆಯವಳಾಗಿ ಉಳ್ಳಾಗಡ್ಡಿಗೆ ಅತ್ತವರನ್ನು ನಾನಂತೂ ಬೈಯಲಾರೆ. ದಿನಾ ಪ್ರಾರ್ಥನೆ ಮಾಡುವವರಿಗೆ ಈ ಬೇಜಾರು ಬಂದೇ ಬರುತ್ತೆ. ಅದೇ ಕುರ್ಚಿ, ಅದೇ ಪುಸ್ತಕ, ಅದೇ ಮಾತು. ಬೇಜಾರಾದರೆ ನಂಬಿಕೆಯಲ್ಲಿ ಏನೋ ದೋಷ ಅಂತ ಮೊದಲು ಹೆದರುತ್ತಿದ್ದೆ. ಈಗ "ಇವತ್ತ ಬ್ಯಾಸರಾಗೇತಿ" ಅಂತ ಅದನ್ನೇ ಹೇಳಿಬಿಡುತ್ತೇನೆ. ಗಂಡನ ಜೊತೆ ಊಟಕ್ಕೆ ಕೂತಾಗ ದಿನಾ ಹೊಸ ಮಾತು ಇರುತ್ತಾ? ಉಪ್ಪು ಕಮ್ಮಿ ಆಗಿದೆ, ನಲ್ಲಿ ಸೋರುತ್ತಿದೆ. ಅಷ್ಟೇ.

ಓದುವುದಕ್ಕೆ ನಾನೀಗ ಸತ್ಯವೇದದ ಕೀರ್ತನೆಗಳನ್ನು ಹಿಡಿದಿದ್ದೇನೆ. ದಿನಕ್ಕೆ ಒಂದು, ಜೋರಾಗಿ ಓದೋದು. 150 ಇವೆ, ಸುಮಾರು ಐದೂವರೆ ತಿಂಗಳಿಗೆ ಒಂದು ಸುತ್ತು. 119ನೆಯದು ಮಾತ್ರ ಒಂದೇ ದಿನಕ್ಕೆ ಆಗುವಂಥದ್ದಲ್ಲ, 176 ವಚನ. ಹೀಬ್ರೂ ಭಾಷೆಯ 22 ಅಕ್ಷರಕ್ಕೆ ಎಂಟೆಂಟು ವಚನದಂತೆ ಕಟ್ಟಿದ್ದಾರೆ, ಹಾಗಾಗಿ ದಿನಕ್ಕೊಂದು ಅಕ್ಷರ. ಈ ಲೆಕ್ಕ ಮಾತ್ರ ನನಗೆ ಬಿಡಲು ಆಗಿಲ್ಲ, ಕ್ಷಮಿಸಿ. ತಪ್ಪಿದ ದಿನವನ್ನು ಮಾತ್ರ ಹಿಂದೆ ಹೋಗಿ ತುಂಬುವುದಿಲ್ಲ.

ಕೀರ್ತನೆಗಳ ಒಳ್ಳೇತನ ಏನೆಂದರೆ ಅಲ್ಲಿ ಯಾರೂ ಸಭ್ಯವಾಗಿ ಮಾತಾಡುವುದಿಲ್ಲ. 13ನೆಯದರಲ್ಲಿ ಕೀರ್ತನೆಕಾರ ದೇವರನ್ನು ನಾಲ್ಕು ಸಲ ಎಲ್ಲಿಯತನಕ, ಎಲ್ಲಿಯತನಕ ಅಂತ ಕೇಳುತ್ತಾನೆ. ಸಾಲ ವಸೂಲಿಗೆ ಬಂದವರ ಹಾಗೆ. ಗೋಳಿನ ಕೀರ್ತನೆಗಳೆಲ್ಲ ಹೆಚ್ಚಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತೆ. ಅದನ್ನು ತೆಗೆದುಹಾಕದೆ, ಕೊನೆಗೊಂದು ಸಮಾಧಾನದ ಸಾಲು ಅಂಟಿಸದೆ ಇಷ್ಟು ಶತಮಾನ ಉಳಿಸಿಕೊಂಡು ಬಂದವರ ಮೇಲೆ ನನಗೆ ಬಹಳ ಗೌರವ.

ಇಷ್ಟು ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ. ಮನೆಮಾತಿನ ಪ್ರಾರ್ಥನೆಯೇ ನಿಜ, ಚರ್ಚಿನ ಕನ್ನಡ ಸುಳ್ಳು ಅಂತ ನಾನು ಒಂದೆರಡು ವರ್ಷ ಗಟ್ಟಿಯಾಗಿ ನಂಬಿದ್ದೆ. ಸ್ತ್ರೀಯರ ಕೂಟದಲ್ಲಿ ಹೇಳಿಯೂ ಬಿಟ್ಟಿದ್ದೆ. ನಮ್ಮ ಅಯ್ಯನವರಿಗೆ ಅದು ಹಿಡಿಸಲಿಲ್ಲ. "ತಂದೆ ಹೌದು ತಾಯಿ, ಆದರೆ ಪರಲೋಕದಲ್ಲಿರುವ ತಂದೆ. ಆ ಪದಾನೂ ಯೇಸುಸ್ವಾಮಿನೇ ಹಾಕಿದ್ದು" ಅಂದರು. ಮುದುಕರು, ಹಳೇ ಕಾಲದವರು ಅಂದುಕೊಂಡೆ.

ಆಮೇಲೆ ಅವ್ವ ತೀರಿಕೊಂಡಳು. ಈ ಸಲ ಆಸ್ಪತ್ರೆಯಲ್ಲಲ್ಲ, ಮನೆಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ. ನನ್ನ ಮಾತುಗಳೆಲ್ಲ ಅವತ್ತೇ ನಿಂತುಹೋದವು. ಯಪ್ಪಾ ಅಂದರೆ ಬರೀ ನೋವಿನ ಶಬ್ದವಾಗಿ ಹೊರಗೆ ಬರುತ್ತಿತ್ತು, ಅದರ ಹಿಂದೆ ಮಾತೇ ಇರುತ್ತಿರಲಿಲ್ಲ. ಸುಮಾರು ಮೂರು ತಿಂಗಳು ಹೀಗೇ ನಡೆಯಿತು. ಆ ಮೂರು ತಿಂಗಳು ನನ್ನ ಹತ್ತಿರ ಇದ್ದದ್ದು ಕರ್ತನ ಪ್ರಾರ್ಥನೆ ಒಂದೇ. ಅದೇ ಹಳೇ ಪುಸ್ತಕದ ಕನ್ನಡ. ಎಣಿಸಲ್ಪಡಲಿ, ನೆರವೇರಲಿ, ದಯಪಾಲಿಸು. ಯಾರೋ ಕಟ್ಟಿಟ್ಟ ಮಾತು, ನನ್ನ ಅವ್ವನೂ ಆಯಿಯೂ ಅವರ ಅವ್ವಂದಿರೂ ಹೇಳಿದ ಮಾತು. ನನ್ನದು ಅನ್ನುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಭಾನುವಾರ ಚರ್ಚಿನಲ್ಲಿ ನಾನು ಬಾಯಿ ಬಿಡದಿದ್ದರೂ ಸುತ್ತ ಕೂತವರು ಹೇಳುತ್ತಿದ್ದರು. ನನ್ನ ಪಾಲಿನದನ್ನೂ ಅವರೇ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಆಗ ಗಮನಿಸಿದೆ, ಆ ಪ್ರಾರ್ಥನೆಯಲ್ಲಿ ನಾನು ಅನ್ನುವ ಪದವೇ ಇಲ್ಲ. ನಮ್ಮ ತಂದೆ, ನಮ್ಮ ಆಹಾರ, ನಮ್ಮ ತಪ್ಪು. ವೈಯಕ್ತಿಕ ಸಂಬಂಧ ಅಂತ ಅಷ್ಟು ಒದ್ದಾಡಿದ ನನಗೆ ಆಸರೆಯಾದದ್ದು ಈ "ನಮ್ಮ".

ಅಯ್ಯನವರ ಹತ್ತಿರ ಹೋಗಿ ಹೇಳಿದೆ. "ಹೂಂ" ಅಂದರು. ಅಷ್ಟೇ. ಗೆದ್ದೆ ಅಂತ ಮುಖದಲ್ಲಿ ತೋರಿಸಲಿಲ್ಲ, ದೊಡ್ಡವರು.

ಆಯಿ ಈಗ ಇದ್ದಿದ್ದರೆ ಕೇಳಬೇಕಿತ್ತು. ಅವಳಿಗೂ ಇಂಥ ತಿಂಗಳುಗಳು ಬಂದಿದ್ದವಾ? ಇಬ್ಬರು ಮಕ್ಕಳನ್ನು ಚಿಕ್ಕವರಿದ್ದಾಗಲೇ ಮಣ್ಣಿಗೆ ಕೊಟ್ಟವಳು. ಒಲೆಯ ಮುಂದೆ ನಡುನಡುವೆ ಸುಮ್ಮನಾಗುತ್ತಿದ್ದಳಲ್ಲ, ದೇವರ ಉತ್ತರ ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಬರೀ ರೊಟ್ಟಿ ತಿರುವಿ ಹಾಕುತ್ತಿದ್ದಳೋ ಏನೋ. ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಅನ್ನುವವರು, ಪಾತ್ರೆಗಳ ಗದ್ದಲದ ನಡುವೆಯೂ ಮೊಣಕಾಲೂರಿದಾಗಿನಷ್ಟೇ ದೇವರು ಹತ್ತಿರ ಅಂತ ಹೇಳುತ್ತಿದ್ದರು. ಅವರ ಮಾತನ್ನು ಲೋಕವೆಲ್ಲ ಓದಿತು. ಆಯಿಯ ಮಾತು ಕೇಳಿದ್ದು ಕೌದಿಯೊಳಗಿದ್ದ ನಾವು ನಾಲ್ಕು ಮೊಮ್ಮಕ್ಕಳು.

ಈಗ ನನ್ನ ದಿನ ಹೀಗಿದೆ. ಬೆಳಿಗ್ಗೆ ಕುಕ್ಕರ್ ಇಡುವ ಮೊದಲು ಒಂದು ಕೀರ್ತನೆ, ಕರ್ತನ ಪ್ರಾರ್ಥನೆ, ಐದು ನಿಮಿಷ ಸುಮ್ನೆ ಕೂರೋದು. ಆ ಐದು ನಿಮಿಷದಲ್ಲಿ ನಾಲ್ಕು ನಿಮಿಷ ಮನಸ್ಸು ಆಫೀಸಿನಲ್ಲೇ ಇರುತ್ತೆ. ಮುಂದಿನದೆಲ್ಲ ದಾರಿಯಲ್ಲಿ, ಬಸ್ಸಿನಲ್ಲಿ, ಟೇಬಲ್ಲಿನ ಮುಂದೆ. ರಾತ್ರಿ ಹೆಚ್ಚಾಗಿ ನಿದ್ದೆ ಗೆಲ್ಲುತ್ತೆ. ಆ್ಯಪ್ ತೆಗೆದುಹಾಕಿದ್ದೇನೆ. ನೋಟ್‌ಬುಕ್ ಇನ್ನೂ ಇದೆ, ಹಿಂದಿನ ಖಾಲಿ ಪುಟಗಳಲ್ಲಿ ಹಾಲಿನ ಲೆಕ್ಕ ಬರೆಯುತ್ತೇನೆ.

ಪಕ್ಕದ ಟೇಬಲ್ಲಿನವಳಿಗೆ ಈಗ ಅಭ್ಯಾಸವಾಗಿದೆ. ಅವಳು ಸಿದ್ಧಾರೂಢ ಮಠಕ್ಕೆ ನಡೆದುಕೊಳ್ಳುವವಳು. ನಾನು ಯಾರ ಜೊತೆ ಗೊಣಗುತ್ತೇನೆ ಅನ್ನೋದು ಯಾವಾಗಲೋ ತಿಳಿದಿದೆ, ಆ ಬಗ್ಗೆ ಏನೂ ಕೇಳುವುದಿಲ್ಲ. ಮೊನ್ನೆ ಗುರುವಾರ ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಅಂದಳು, "ಅಕ್ಕಾರ, ನಿಮ್ಮಪ್ಪಗ ನನ್ನ ಮಗಳದೂ ಒಂದ ಮಾತ ಹೇಳ್ರಿ. ಸೋಮವಾರ ಗಣಿತ ಪೇಪರ್ ಐತಿ, ಊಟಾನ ಬಿಟ್ಟು ಕುಂತೈತಿ ಹುಡುಗಿ."

ಸೋಮವಾರದ್ದು ಸೋಮವಾರ ಹೇಳೋಣ ಅಂತ ಬಾಯಿಗೆ ಬಂತು. ಆಯಿಯ ನಿಯಮ, ಮನ್ನದ ನಿಯಮ, ಇಷ್ಟುದ್ದ ನಾನೇ ಬರೆದ ನಿಯಮ. ಆದರೆ ಅವಳ ಮುಖ ನೋಡಿ ಅಲ್ಲೇ, ಲೆಡ್ಜರ್ ತೆರೆದಿಟ್ಟುಕೊಂಡೇ, ಹೇಳಿಬಿಟ್ಟೆ. ಸೋಮವಾರ ಬೆಳಿಗ್ಗೆ ಇನ್ನೊಂದು ಸಲ ಹೇಳಿದೆ.